ಮನದ ಬೇನೆಗೆ ಮದ್ದೂ ಉಂಟು, ನಡಿಗೆಯೂ ಉಂಟು



ನಾಡು ಬಿಟ್ಟು ಈ ನಗರಕ್ಕೆ ಬಂದ ನಾವು ಮೈಗೆ ಜ್ವರ ಬಂದರೆ ನೆರೆಮನೆಗೂ ಹೇಳುತ್ತೇವೆ. ಮನಸ್ಸಿಗೆ ಬೇನೆ ಬಂದರೆ ಮನೆಯವರಿಂದಲೂ ಮುಚ್ಚಿಡುತ್ತೇವೆ. ಎರಡು ವಾರ ಮೀರಿಯೂ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆಯಿಲ್ಲ, ಊಟ ಸೇರದು, ಬದುಕೇ ಭಾರವೆನಿಸುತ್ತದೆ ಎಂದರೆ ಅದನ್ನು ಸೋಮಾರಿತನವೆಂದೋ ಗ್ರಹಚಾರವೆಂದೋ ತಳ್ಳಿಹಾಕಬಾರದು. ಅದು ಖಿನ್ನತೆಯೆಂಬ ರೋಗವಿರಬಹುದು, ಅದಕ್ಕೆ ಚಿಕಿತ್ಸೆಯುಂಟು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು 1999ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ವಯಸ್ಸು ಐವತ್ತಾದ, ಅದನ್ನು ಮೀರಿದ 156 ಮಂದಿ ರೋಗಿಗಳಲ್ಲಿ ಕೆಲವರಿಗೆ ಮಾತ್ರೆ, ಕೆಲವರಿಗೆ ವಾರಕ್ಕೆ ಮೂರು ಸಲ ವ್ಯಾಯಾಮ, ಉಳಿದವರಿಗೆ ಎರಡೂ. 16 ವಾರಗಳ ಕೊನೆಗೆ ಮೂರು ಗುಂಪಿನವರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಚೇತರಿಸಿಕೊಂಡಿದ್ದರು. ಮಾತ್ರೆಯ ಫಲ ಮಾತ್ರ ಬೇಗ ಕಂಡಿತ್ತು.

ಹಾಗೆಂದು ನಡಿಗೆಯ ನೆಪದಲ್ಲಿ ಮಾತ್ರೆ ಬಿಡುವುದು ತರವಲ್ಲ. ಬೇನೆ ಬಲವಾದಾಗ ಹಾಸಿಗೆಯಿಂದ ಏಳಲೂ ಆಗದು. ಆಗ ಮದ್ದೇ ಊರುಗೋಲು. ಅದು ಫಲ ಕೊಡಲು ಕೆಲವು ವಾರ ಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಇನ್ನು ನಮ್ಮ ಕರ್ತವ್ಯ. "ಧೈರ್ಯ ತಂದುಕೋ" ಎಂದು ಉಪದೇಶಿಸುವ ಬದಲು, "ಬಾರಪ್ಪಾ, ಬೀದಿಯ ಕೊನೆಯವರೆಗೆ ನಡೆದು ಬರೋಣ" ಎಂದು ಜೊತೆಗೂಡೋಣ. ವೈದ್ಯರ ಬಳಿಗೂ ಜೊತೆಯಲ್ಲೇ ಹೋಗೋಣ. ಒಳಗಿನ ಸಂಕಟವನ್ನು ಪರಭಾಷೆಯಲ್ಲಿ ತೋಡಿಕೊಳ್ಳುವುದು ಕಷ್ಟ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ರಾಜ್ಯೋತ್ಸವದಂದು ನಾವು ಹಾಡುವ ಕನ್ನಡ, ಕಷ್ಟದ ದಿನವೂ ನಮ್ಮ ನಾಲಿಗೆಗೆ ಬರಲಿ.