ರೈತ ಮಹಿಳೆಯ ಆರೋಗ್ಯ: ಕಾನೂನು ಕೊಟ್ಟಿರುವ ಹಕ್ಕುಗಳು

(ರೈತ ಮಹಿಳೆಯರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೇಸಾಯಶಾಸ್ತ್ರ ಬೋಧಿಸುವ ನಾನು ಕಳೆ, ಗೊಬ್ಬರ, ಬಿತ್ತನೆಯ ಅಂತರಗಳನ್ನು ಬಿಟ್ಟು ಬಸಿರು, ಹೆರಿಗೆ, ಕಾನೂನು ಎಂದು ಮಾತನಾಡಲು ನಿಂತಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಪೈರು ನಾಟಿ ಮಾಡುವವರು, ಕಳೆ ಕೀಳುವವರು, ಹತ್ತಿ ಬಿಡಿಸುವವರು, ಬೀಜ ಕಾಪಿಡುವವರು ಬಹುಪಾಲು ಹೆಂಗಸರೇ. ಎತ್ತಿಗೆ ಕಾಲುಬಾಯಿ ಬೇನೆ ಬಂದರೆ ಅದೇ ದಿನ ಪಶುವೈದ್ಯರನ್ನು ಕರೆತರುವ ಮನೆಯಲ್ಲಿ, ಹೆಂಡತಿಯ ಹೊಟ್ಟೆನೋವು ಸುಗ್ಗಿ ಮುಗಿಯುವವರೆಗೆ ಕಾಯಬೇಕಾಗುತ್ತದೆ. ಹೀಗೆ ಕಾದು, ಕೊನೆಗೆ ಆತುರದಲ್ಲಿ ಸಿಕ್ಕವರ ಬಳಿಗೆ ಹೋಗಿ, ಸಾಲ ಮಾಡಿ, ಕೆಲವೊಮ್ಮೆ ದೇಹದ ಅಂಗವನ್ನೇ ಕಳೆದುಕೊಂಡು ಬರುವವರಿದ್ದಾರೆ. ಇದನ್ನು ತಡೆಯಲು ಕಾನೂನು ಏನೇನು ಕೊಟ್ಟಿದೆ ಎಂಬುದನ್ನು ಇಂದು ಸರಳವಾಗಿ ತಿಳಿಸಲು ಯತ್ನಿಸುತ್ತೇನೆ. ಗಂಡಸರು ಎದ್ದು ಹೋಗಬಾರದಾಗಿ ಕೋರಿಕೆ; ಈ ಮಾತಿನಲ್ಲಿ ಅವರಿಗೆ ಸೇರಿದ ಭಾಗವೂ ಇದೆ.

ಸಹಿ ಯಾರದು?

ಎಲ್ಲಕ್ಕಿಂತ ಮೊದಲು ಒಂದು ಮೂಲ ವಿಷಯ. ಹದಿನೆಂಟು ವರ್ಷ ತುಂಬಿದ, ಸ್ಥಿರಬುದ್ಧಿಯ ಹೆಂಗಸಿನ ಶರೀರದ ಮೇಲೆ ಶಸ್ತ್ರಚಿಕಿತ್ಸೆ ಮಾಡಲು ಬೇಕಾದದ್ದು ಆಕೆಯ ಒಪ್ಪಿಗೆ. ಗಂಡನದಲ್ಲ, ಅತ್ತೆಯದಲ್ಲ, ತಾಯಿಯದೂ ಅಲ್ಲ.

ಇದನ್ನು ಸರ್ವೋಚ್ಚ ನ್ಯಾಯಾಲಯವು 2008ರ ಜನವರಿ 16ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ದೆಹಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರು ಅತಿ ರಕ್ತಸ್ರಾವಕ್ಕೆಂದು ವೈದ್ಯರ ಬಳಿಗೆ ಹೋದರು. ಒಳಗೆ ನೋಡಿ ರೋಗ ಪತ್ತೆಮಾಡಲು ಅವರಿಗೆ ಮತ್ತು ಬರಿಸಲಾಯಿತು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಲಾಯಿತು. ಆ ಕ್ಷಣದಲ್ಲಿ ಪ್ರಾಣಾಪಾಯವೇನೂ ಇರಲಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯಲು ಕೊಟ್ಟ ಒಪ್ಪಿಗೆಯಾಗದು, ತಾಯಿಯ ಒಪ್ಪಿಗೆ ರೋಗಿಯ ಒಪ್ಪಿಗೆಯಾಗದು ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆ ಯಾವುದು, ಅದರಿಂದಾಗುವ ಲಾಭವೇನು, ಅಪಾಯವೇನು, ಬೇರೆ ದಾರಿ ಇದೆಯೇ, ಚಿಕಿತ್ಸೆ ಮಾಡದಿದ್ದರೆ ಏನಾಗುತ್ತದೆ - ಇಷ್ಟನ್ನು ತಿಳಿಸಿದ ಮೇಲೆ ಪಡೆದದ್ದೇ ನಿಜವಾದ ಒಪ್ಪಿಗೆ. ಪ್ರಾಣ ಉಳಿಸಲು ತಕ್ಷಣ ಮಾಡಲೇಬೇಕಾದ ಚಿಕಿತ್ಸೆಗೆ ಮಾತ್ರ ವಿನಾಯಿತಿ ಉಂಟು.

ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಸಾಲದ ಪತ್ರಕ್ಕೆ ಇಷ್ಟು ಎಚ್ಚರ ವಹಿಸುವ ನಾವು ದೇಹದ ಪತ್ರಕ್ಕೂ ಅಷ್ಟೇ ಎಚ್ಚರ ವಹಿಸಬೇಕು.

ಗರ್ಭಕೋಶ ಬೇಡದ ಗಂಟಲ್ಲ

ಕಬ್ಬಿನ ಸೀಮೆಯವರಿಗೆ ಈ ಭಾಗ ಮುಖ್ಯ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಸಾವಿರಾರು ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕದ ಕಾರ್ಖಾನೆಗಳ ಪ್ರದೇಶಕ್ಕೂ ಬರುತ್ತವೆ. ಗಂಡ ಹೆಂಡತಿಯನ್ನು ಒಂದು ಜೋಡಿಯೆಂದು ಲೆಕ್ಕ ಹಿಡಿದು ಮುಕಾದಮರು ಮುಂಗಡ ಕೊಡುತ್ತಾರೆ. ಒಬ್ಬರು ಒಂದು ದಿನ ತಪ್ಪಿಸಿದರೂ ದಂಡ ಕಟ್ಟಬೇಕು. ಮುಟ್ಟಿನ ನೋವಿಗೆ ರಜೆ ಇಲ್ಲ. ಗದ್ದೆಯಲ್ಲಿ ಶೌಚಕ್ಕೆ ಮರೆಯಿಲ್ಲ, ತೊಳೆಯಲು ನೀರಿಲ್ಲ. ಬಿಳಿಸೆರಗು, ಹೊಟ್ಟೆನೋವು ಎಂದು ವೈದ್ಯರ ಬಳಿಗೆ ಹೋದ ಅನೇಕ ಎಳೆಯ ವಯಸ್ಸಿನ ಹೆಂಗಸರ ಗರ್ಭಕೋಶವನ್ನು ತೆಗೆದುಹಾಕಿದ ಸಂಗತಿ 2019ರಲ್ಲಿ ದೇಶಕ್ಕೆಲ್ಲ ತಿಳಿದು, ಆ ರಾಜ್ಯದ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ 2015ರ ಸುಮಾರಿಗೆ ಇಂಥವೇ ದೂರುಗಳು ಬಂದು ವಿಚಾರಣೆ ನಡೆಯಿತು.

ಬಿಳಿಸೆರಗಿಗೆ ಬಹುಮಟ್ಟಿಗೆ ಸೋಂಕು ಕಾರಣ; ಅದು ಔಷಧಿಯಿಂದ ಗುಣವಾಗುವಂಥದು. ಎಲೆಗೆ ಚುಕ್ಕೆರೋಗ ಬಂತೆಂದು ಬುಡವನ್ನೇ ಕಡಿಯುವ ರೈತ ಇಲ್ಲ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ಒಮ್ಮೆಲೇ ನಿಂತು, ಮೂಳೆ ಸವೆಯುವುದು, ಮೈ ಬಿಸಿಯೇರುವುದು, ನಿದ್ರೆಗೆಡುವುದು ಮುಂತಾದ ತೊಂದರೆಗಳು ವಯಸ್ಸಿಗೆ ಮುನ್ನವೇ ಶುರುವಾಗುತ್ತವೆ. ದಿನವಿಡೀ ಬಗ್ಗಿ ದುಡಿಯುವವಳಿಗೆ ಮೂಳೆಯ ಬಲವೇ ಬಂಡವಾಳ. ಕ್ಯಾನ್ಸರ್, ದೊಡ್ಡ ಗಡ್ಡೆ, ಔಷಧಿಗೆ ಬಗ್ಗದ ರಕ್ತಸ್ರಾವ ಇವೇ ಮೊದಲಾದ ಸಂದರ್ಭಗಳಲ್ಲಿ ಈ ಶಸ್ತ್ರಚಿಕಿತ್ಸೆ ಅಗತ್ಯವಾಗುವುದು ನಿಜ. ಆದರೆ "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿದ ಮಾತ್ರಕ್ಕೆ ಒಪ್ಪಬಾರದು. ಪರೀಕ್ಷೆಯ ವರದಿ ಕೇಳಿ, ಸರ್ಕಾರಿ ಆಸ್ಪತ್ರೆಯ ಇನ್ನೊಬ್ಬ ವೈದ್ಯರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ.

ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥ ಪ್ರಕರಣಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪು ನೀಡಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಮಂತ್ರಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿದೆ.

ಗರ್ಭಪಾತದ ಕಾನೂನು

ಗರ್ಭಪಾತ ಮಾಡಿಸಿಕೊಳ್ಳುವುದೇ ಅಪರಾಧವೆಂದು ಹಳ್ಳಿಗಳಲ್ಲಿ ಅನೇಕರು ನಂಬಿದ್ದಾರೆ. ಈ ನಂಬಿಕೆಯಿಂದಲೇ ಹೆಂಗಸರು ಗುಟ್ಟಾಗಿ ಎಕ್ಕದ ಕಡ್ಡಿಯನ್ನೋ ಅಂಗಡಿಯ ಗುಳಿಗೆಯನ್ನೋ ನಂಬಿ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುತ್ತಾರೆ. ವಾಸ್ತವ ಸಂಗತಿ ಹೀಗಿದೆ. ದಂಡ ಕಾನೂನಿನಲ್ಲಿ ಗರ್ಭಪಾತ ಅಪರಾಧವೇ. ಆದರೆ 1971ರ ವೈದ್ಯಕೀಯ ಗರ್ಭಪಾತ ಕಾನೂನು ಅದಕ್ಕೆ ವಿನಾಯಿತಿಗಳನ್ನು ಕೊಟ್ಟಿದೆ. ಶಾಂತಿಲಾಲ್ ಶಾ ಸಮಿತಿಯ ಶಿಫಾರಸಿನ ಮೇಲೆ ಬಂದ ಈ ಕಾನೂನು 1972ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2021ರಲ್ಲಿ ತಿದ್ದುಪಡಿಯಾಗಿ ಅವಧಿಯೂ ವ್ಯಾಪ್ತಿಯೂ ಹೆಚ್ಚಿವೆ. ಈಗಿನ ನಿಯಮಗಳು ಹೀಗಿವೆ:

1. 20 ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಗರ್ಭ ಮುಂದುವರಿದರೆ ತಾಯಿಯ ಪ್ರಾಣಕ್ಕೆ ಅಪಾಯ ಅಥವಾ ಆಕೆಯ ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ, ಇಲ್ಲವೇ ಹುಟ್ಟುವ ಮಗುವಿಗೆ ಗಂಭೀರ ನ್ಯೂನತೆ ಇವು ಕಾರಣಗಳು. ಅತ್ಯಾಚಾರದಿಂದಾದ ಗರ್ಭವನ್ನೂ, ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನೂ ಮನಸ್ಸಿಗೆ ತೀವ್ರ ಹಾನಿಯೆಂದೇ ಕಾನೂನು ಭಾವಿಸುತ್ತದೆ. ಆಕೆಯ ಮನೆಯ ಸ್ಥಿತಿಗತಿಗಳನ್ನೂ ವೈದ್ಯರು ಗಣನೆಗೆ ತೆಗೆದುಕೊಳ್ಳಬಹುದು.

2. 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಇದು ಅತ್ಯಾಚಾರಕ್ಕೊಳಗಾದವರು, 18 ತುಂಬದವರು, ಬಸಿರಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲರು, ಮಾನಸಿಕ ಅಸ್ವಸ್ಥರು, ಪ್ರವಾಹ ಮೊದಲಾದ ವಿಪತ್ತಿನಲ್ಲಿ ಸಿಲುಕಿದವರು ಮುಂತಾದವರಿಗೆ ಅನ್ವಯಿಸುತ್ತದೆ.

3. 24 ವಾರ ದಾಟಿದ ಮೇಲೆ ಮಗುವಿಗೆ ಗಂಭೀರ ನ್ಯೂನತೆ ಇದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ ಮಾತ್ರ ಅವಕಾಶ. ತಾಯಿಯ ಪ್ರಾಣ ಉಳಿಸಲು ತಕ್ಷಣ ಮಾಡಬೇಕಾದಾಗ ವಾರಗಳ ಮಿತಿ ಅಡ್ಡಬಾರದು.

4. ಒಪ್ಪಿಗೆ ಆಕೆಯದು ಮಾತ್ರ. 18 ತುಂಬದವರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

5. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಬಯಲು ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಆಗಬಹುದು.

6. ಚಿಕಿತ್ಸೆ ನಡೆಯಬೇಕಾದದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸ್ಥಳದಲ್ಲಿ.

2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರಲ್ಲಿ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದೆಂದು ಹೇಳಿತು. ಕಾನೂನಿನಲ್ಲಿಲ್ಲದ ಗಂಡನ ಅಥವಾ ಮನೆಯವರ ಸಹಿಯನ್ನು ವೈದ್ಯರು ಕೇಳುವುದು ಸರಿಯಲ್ಲವೆಂದೂ ಅದೇ ತೀರ್ಪು ಹೇಳಿದೆ. ಹೀಗಿದ್ದರೂ ವೈದ್ಯರ ಅಭಿಪ್ರಾಯವಿಲ್ಲದೆ, ಕೇಳಿದ ಮಾತ್ರಕ್ಕೆ ಗರ್ಭಪಾತ ಮಾಡಿಸಿಕೊಳ್ಳುವ ಹಕ್ಕನ್ನು ನಮ್ಮ ಕಾನೂನು ಕೊಟ್ಟಿಲ್ಲ ಎಂಬುದನ್ನೂ ನೆನಪಿಡಬೇಕು.

ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಹದ ತಪ್ಪಿದ ಬಿತ್ತನೆಯಂತೆ ಇಲ್ಲಿಯೂ ತಡವಾದಷ್ಟೂ ಕಷ್ಟ ಹೆಚ್ಚು. ಮುಟ್ಟಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು. ಗರ್ಭಪಾತದ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ನುಂಗಬಾರದು. ಗರ್ಭ ನಾಳದಲ್ಲಿ ನಿಂತಿದ್ದರೆ ಗುಳಿಗೆಯಿಂದ ಪ್ರಯೋಜನವಾಗದು. ನಾಳ ಒಡೆದು ಜೀವ ಹೋಗಬಹುದು. ಹೇಗೇ ಆಗಿರಲಿ, ರಕ್ತ ನಿಲ್ಲದಿದ್ದರೆ ನಾಚಿಕೆ, ಭಯ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೆಣ್ಣೋ ಗಂಡೋ ಎಂದು ಕೇಳುವುದು ಅಪರಾಧ

ಇದು ಬೇರೆಯೇ ಕಾನೂನು. 1994ರಲ್ಲಿ ಬಂದು 1996ರ ಜನವರಿ 1ರಿಂದ ಜಾರಿಯಾದ ಭ್ರೂಣಲಿಂಗ ಪತ್ತೆ ನಿಷೇಧ ಕಾನೂನಿನಂತೆ ಪತ್ತೆ ಮಾಡಿದ ವೈದ್ಯರಿಗೂ, ಮಾಡಿಸಲು ಕರೆದೊಯ್ದ ಮನೆಯವರಿಗೂ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಬಸುರಿಯನ್ನು ಗಂಡ ಅಥವಾ ಬಂಧುಗಳೇ ಬಲವಂತಪಡಿಸಿದರೆಂದು ನ್ಯಾಯಾಲಯ ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಎದುರಿನವರದು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಈ ದಂಧೆ ನಡೆಸುತ್ತಿದ್ದುದನ್ನು ಪೊಲೀಸರು ಪತ್ತೆಹಚ್ಚಿದರು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಕೂಸುಗಳ ಲೆಕ್ಕ ತೀರಿಸುವ ಕೆಲಸ ನಡೆದದ್ದು ರೈತ ಸಮುದಾಯ ತಲೆತಗ್ಗಿಸಬೇಕಾದ ಸಂಗತಿ.

ಸಂತಾನಹರಣ ಚಿಕಿತ್ಸೆ

2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ಒಂದೇ ರಾತ್ರಿ ಎರಡು ಗಂಟೆಗಳಲ್ಲಿ 53 ಹೆಂಗಸರಿಗೆ ಈ ಶಸ್ತ್ರಚಿಕಿತ್ಸೆ ಮಾಡಲಾಯಿತು. ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರ ಸೆಪ್ಟೆಂಬರ್ 14ರಂದು ತೀರ್ಪಿತ್ತು, ಮೂರು ವರ್ಷಗಳೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸುವ ದಿಕ್ಕಿನಲ್ಲಿ ಸರ್ಕಾರಗಳು ಕ್ರಮ ಕೈಗೊಳ್ಳಬೇಕೆಂದೂ, ಒಪ್ಪಿಗೆ ಪತ್ರವನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕೆಂದೂ ಹೇಳಿತು. ಚಿಕಿತ್ಸೆ ವಿಫಲವಾದರೆ ಪರಿಹಾರ ಕೇಳಬಹುದು. ಹರಿಯಾಣದಲ್ಲಿ ಏಳು ಮಕ್ಕಳ ತಾಯಿಯಾದ ಬಡ ಕೂಲಿ ಮಹಿಳೆಯೊಬ್ಬರಿಗೆ ಒಂದು ಕಡೆಯ ನಾಳಕ್ಕೆ ಮಾತ್ರ ಚಿಕಿತ್ಸೆ ಮಾಡಿ ಕಳುಹಿಸಿದ್ದರಿಂದ ಮತ್ತೆ ಮಗು ಹುಟ್ಟಿತು. ಸರ್ಕಾರವೇ ಪರಿಹಾರ ಕೊಡಬೇಕೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಇಲ್ಲಿ ಗಂಡಸರಿಗೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದಂಪತಿಗಳಲ್ಲಿ ಹೆಂಡತಿಗೆ ಈ ಚಿಕಿತ್ಸೆಯಾದವರು ಶೇಕಡ 37.9, ಗಂಡನಿಗೆ ಆದವರು ಶೇಕಡ 0.3. ಗಂಡಸರ ಚಿಕಿತ್ಸೆ ಹೆಚ್ಚು ಸರಳ, ಹೊಟ್ಟೆ ಕೊಯ್ಯಬೇಕಾಗಿಲ್ಲ, ಅದರಿಂದ ಉಳುವ ಶಕ್ತಿಯೂ ಪುರುಷತ್ವವೂ ಕುಂದುವುದಿಲ್ಲ.

ಹೆರಿಗೆಯ ಸೌಲಭ್ಯಗಳು

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಯಿಂದ ಬಂದುಹೋಗುವ ವಾಹನ ಎಲ್ಲವೂ ಉಚಿತ. ಯಾರಾದರೂ ಹಣ ಕೇಳಿದರೆ ಕೊಡಬೇಕಾಗಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತ ದೂರು ಕೊಡಿ. 2013ರ ಆಹಾರ ಭದ್ರತಾ ಕಾನೂನು ಬಸುರಿ, ಬಾಣಂತಿಯರಿಗೆ ಅಂಗನವಾಡಿಯ ಉಚಿತ ಊಟವನ್ನೂ ಹೆರಿಗೆ ಧನಸಹಾಯವನ್ನೂ ಹಕ್ಕಾಗಿ ಮಾಡಿದೆ. ಈಗ ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ದೊರೆಯುತ್ತದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರ ಬಳಿ ಬೇಗ ಹೆಸರು ಬರೆಸಿ, ತಾಯಿ ಕಾರ್ಡ್ ಪಡೆದುಕೊಳ್ಳಬೇಕು.

ಕಾಫಿ, ಚಹಾ, ರಬ್ಬರ್ ತೋಟಗಳ ಕೆಲಸಗಾರ್ತಿಯರಿಗೆ 1961ರ ಕಾನೂನಿನಿಂದಲೇ ಸಂಬಳ ಸಹಿತ ಹೆರಿಗೆ ರಜೆಯ ಹಕ್ಕು ಬಂದಿದೆ. ಮೊದಲ ಎರಡು ಮಕ್ಕಳಿಗೆ ಅದು 2017ರಲ್ಲಿ 26 ವಾರಗಳಿಗೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದು ಸೇರಿದೆ. ಆದರೆ ಹೊಲದ ದಿನಗೂಲಿ ಹೆಂಗಸಿಗೆ ಇಂಥ ರಜೆ ಇಲ್ಲ. ಆದ್ದರಿಂದ ಕೂಲಿಗೆ ಕರೆಯುವ ರೈತರೇ ತುಂಬು ಬಸುರಿಗೆ ಭಾರ ಹೊರಿಸದೆ, ಯಾವ ತಿಂಗಳ ಬಸುರಿಗೂ ಔಷಧಿ ಸಿಂಪಡಿಸುವ ಕೆಲಸ ಕೊಡದೆ, ಗದ್ದೆಯ ಬಳಿ ಮರೆ ಮತ್ತು ನೀರಿನ ಏರ್ಪಾಡು ಮಾಡುವುದು ಧರ್ಮ.

ಅನ್ಯಾಯವಾದರೆ ಎಲ್ಲಿಗೆ ಹೋಗಬೇಕು?

ಮೊದಲು ಕಾಗದ ಕಾಪಾಡಿಕೊಳ್ಳಿ: ಚೀಟಿ, ರಸೀದಿ, ಸ್ಕ್ಯಾನಿಂಗ್ ವರದಿ, ಬಿಡುಗಡೆ ಪತ್ರ. ಆಸ್ಪತ್ರೆಯಲ್ಲಿರುವ ದಾಖಲೆಯ ನಕಲನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬಹುದು. ಪರಿಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗವಿದೆ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾನೂನಿನಂತೆ ಯಾವುದೇ ಮಹಿಳೆಗೆ, ಆದಾಯದ ಮಿತಿಯಿಲ್ಲದೆ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ದೂರವಾಣಿ ಮಾಡಿ.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ವಿನಂತಿ ಇಷ್ಟೇ. ಸ್ತ್ರೀಶಕ್ತಿ ಗುಂಪುಗಳಲ್ಲಿ ಬೀಜೋಪಚಾರ ತೋರಿಸುವ ದಿನ ಹತ್ತು ನಿಮಿಷ ಈ ವಿಷಯಕ್ಕೂ ಮೀಸಲಿಡಿ, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಿರಿ. ಒಂದು ಹಳ್ಳಿಯಲ್ಲಿ ಒಬ್ಬಳು "ನನಗೆ ಓದಿ ಹೇಳಿ, ಆಮೇಲೆ ಸಹಿ ಮಾಡುತ್ತೇನೆ" ಎಂದರೆ ಉಳಿದವರಿಗೂ ಬಾಯಿ ಬರುತ್ತದೆ. ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಸಭೆಯಲ್ಲಿ ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಕಾಗಿಲ್ಲ.