ಕಾಳಿನ ಕಾವಲು ಮತ್ತು ಮಳೆ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ರೈತರು ಮತ್ತೆ ಮತ್ತೆ ಕೇಳುವುದು ಇದನ್ನೇ: ಬೂಸ್ಟು ತಡೆಯುವ ಶಕ್ತಿ ಕಾಳಿನಲ್ಲೇ ಇದೆ ಅಂತೀರಿ, ಮತ್ತೆ ನಮ್ಮ ಮುಂಗಾರಿ ಜೋಳ ಯಾಕ್ರೀ ಕರ್ರಗಾಗುತ್ತದೆ?

ಶಕ್ತಿ ಇರುವುದು ನಿಜ. ಜೋಳದ ಕಾಳಿನಲ್ಲಿ ಇಂಥ ನಾಲ್ಕು ಬಗೆಯ ಪ್ರೋಟೀನುಗಳನ್ನು ಗುರುತಿಸಿದ್ದಾರೆ. ಕೈಟಿನೇಸ್, ಗ್ಲೂಕನೇಸ್ ಎಂಬೆರಡು ಬೂಸ್ಟಿನ ಎಳೆಯ ಗೋಡೆಯನ್ನೇ ಕಡಿಯುತ್ತವೆ. ಸಾರ್ಮಾಟಿನ್ ಎಂಬುದು ಒಳಪೊರೆಯನ್ನು ಸೋರುವಂತೆ ಮಾಡುತ್ತದೆ. ನಾಲ್ಕನೆಯದು ಬೂಸ್ಟಿನ ಬೆಳವಣಿಗೆಯನ್ನೇ ಕಟ್ಟಿಹಾಕುತ್ತದೆ. ಮೆಕ್ಕೆಜೋಳದಲ್ಲೂ ಸಾರ್ಮಾಟಿನ್ ಬಳಗದ ಜಿಯಾಮಾಟಿನ್ ಇದೆ.

ಆದರೆ ಇವು ನೀರಿನಲ್ಲಿ ಕರಗುತ್ತವೆ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮಾಗಿದ ತೆನೆ ಮಳೆಗೆ ನೆನೆದರೆ ಕಾಳು ನೀರು ಕುಡಿದು ಉಬ್ಬುತ್ತದೆ, ಒಳಗಿದ್ದ ಪ್ರೋಟೀನು ಹೊರಗೆ ಜಿನುಗುತ್ತದೆ. ಕುದಿನೀರಿಗೆ ಚಹಾಪುಡಿಯ ಸತ್ವ ಇಳಿದಹಾಗೆ. ಪುಡಿ ಉಳಿಯುತ್ತದೆ, ಸತ್ವ ಉಳಿಯುವುದಿಲ್ಲ. ಮತ್ತೆ ಹೇಳುತ್ತೇನೆ: ಕಾಳು ನೋಡಲು ಗಟ್ಟಿಯಾಗೇ ಇರುತ್ತದೆ, ಕಾವಲು ಮಾತ್ರ ಹೋಗಿರುತ್ತದೆ. ಬೂಸ್ಟಿಗೆ ಜಗ್ಗದ ತಳಿಗಳಲ್ಲಿ ನೆನೆದ ಮೇಲೂ ಹೆಚ್ಚು ಪ್ರೋಟೀನು ಉಳಿಯುತ್ತದೆ. ಹಿಂಗಾರಿ ಬಿಳಿಜೋಳ ಬೆಳ್ಳಗಿರುವುದಕ್ಕೆ ಕಾರಣ ಬೇರೆ, ಅದು ಮಾಗುವಾಗ ಮಳೆಯೇ ಇರುವುದಿಲ್ಲ. ಆದರೆ ಮುಂಗಾರಿಯಲ್ಲಿ 1964ರ ಸಿಎಸ್‌ಎಚ್-1ರಿಂದ ಶುರುವಾದ ಬೇಗ ಮಾಗುವ ಹೈಬ್ರಿಡ್‌ಗಳು ಮಳೆಯೊಳಗೇ ಸಿಕ್ಕಿಬೀಳುತ್ತವೆ.

ಆದ್ದರಿಂದ ತೆನೆ ಗಿಡದಲ್ಲೇ ಒಣಗಲಿ ಎಂದು ಕಾಯಬೇಡಿ. ಒಂದು ಕಾಳು ಬಿಡಿಸಿ ಬುಡ ನೋಡಿ. ಕಪ್ಪು ಚುಕ್ಕೆ ಮೂಡಿದ್ದರೆ ಕಾಳು ಬಲಿತಿದೆ, ಮಳೆಯ ಮೋಡ ಕಂಡರೆ ಕೊಯ್ದುಬಿಡಿ. ನೆರಳಿರಲಿ, ಗಾಳಿಯಾಡುವ ಜಾಗದಲ್ಲಿ ತೆಳ್ಳಗೆ ಹರಡಿ. ಹಸಿ ತೆನೆ ರಾಶಿ ಹಾಕಿ ತಾಡಪಾಲು ಮುಚ್ಚುವುದನ್ನು ಕಣಗಳಲ್ಲಿ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದರೊಳಗೆ ಬಿಸಿಯೂ ತೇವವೂ ಕೂಡಿ ಬೂಸ್ಟು ಇನ್ನೂ ಹೆಚ್ಚುತ್ತದೆ.

ಕರಿ ಹಿಡಿದ ಕಾಳನ್ನು ತೊಳೆದು ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ, ರೊಟ್ಟಿ ಸುಟ್ಟರೆ ದೋಷ ಕಳೆಯುತ್ತದೆ ಎನ್ನುತ್ತಾರೆ. ಇಲ್ಲ! 1995ರಲ್ಲಿ ದಖ್ಖನಿನ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಆ ಕಾಳಿನಲ್ಲಿ ಸಿಕ್ಕಿದ್ದು ಬೂಸ್ಟಿನ ವಿಷ ಫ್ಯುಮೊನಿಸಿನ್. ಹಂಚಿನ ಕಾವಿಗೆ ಅದು ಪೂರಾ ಹೋಗುವುದಿಲ್ಲ. ಅಂಥ ಕಾಳು ದನಕರು, ಕೋಳಿಗೂ ಬೇಡ.

ಬಿತ್ತನೆ ಬೀಜದ ಮಾತು ಉಳಿಯಿತು, ಸಮಯವಾಗುತ್ತಿದೆ. ಒಡೆದ, ಮುಕ್ಕಾದ ಕಾಳನ್ನು ಕೇರಿ ತೆಗೆಯಿರಿ. ಬೀಜೋಪಚಾರ ಮಾಡಿಯೇ ಬಿತ್ತಿರಿ. ನೆನೆದ ತೆನೆಯಿಂದ ಬೀಜಕ್ಕೆಂದು ಕಾಳು ತೆಗೆದಿಡಬೇಡಿ.