ಕೀಲಿಮಣೆ ಅಲುಗಿದಾಗ

ಕಡಬ ತಾಲೂಕಿನ ಕೊಯಿಲದಲ್ಲಿ ನಡೆದ ಒಂದು ಸಣ್ಣ ಘಟನೆಯಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ. ಅಲ್ಲಿ ನನ್ನ ಅಕ್ಕನ ಮನೆ ಇದೆ. ಕಳೆದ ಸಲ ಹೋದಾಗ, ಪದವಿ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗಳು ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದೆ ತಂದಿಟ್ಟಳು. "ಮಾವ, ಇದರ ಕೀಲಿಮಣೆ ಅಲುಗಾಡುತ್ತದೆ. 'ಅಮ್ಮ' ಅಂತ ಬರೆದರೆ 'ಅಮಮ' ಅಂತ ಬರುತ್ತದೆ" ಎಂದಳು.

ಕಾರಣ ಸುಲಭವಾಗಿಯೇ ತಿಳಿಯಿತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರವನ್ನು ಮೂಡಿಸುವುದು 'ಎಫ್' ಕೀಲಿ. ಅದೊಂದು ಕೈಕೊಟ್ಟರೆ 'ಅಕ್ಕ' ಹೋಗಿ 'ಅಕಕ' ಆಗುತ್ತದೆ. ಆದರೆ ಆ ಕೀಲಿ ಕೈಕೊಟ್ಟದ್ದೇಕೆ? "ಸ್ಕ್ರೂ ಸಡಿಲವಾಗಿರಬೇಕು, ಸಣ್ಣ ಸ್ಕ್ರೂಡ್ರೈವರ್ ತಾ" ಎಂದೆ. ವಿಜ್ಞಾನ ಪದವೀಧರನೆಂಬ ಅಭಿಮಾನದಲ್ಲಿ ಆಡಿದ ಅವಸರದ ಮಾತು ಅದು. ಆ ತೀರ್ಮಾನ ಎಷ್ಟು ತಪ್ಪಾಗಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಕೀಲಿಮಣೆಯ ಒಳಗೇನಿದೆ ಎಂಬುದನ್ನು ನೋಡೋಣ.

ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಪ್ರತಿ ಕೀಲಿಯ ಕೆಳಗೆ ಕತ್ತರಿಯಾಕಾರದ ಪುಟ್ಟ ಪ್ಲಾಸ್ಟಿಕ್ ಜೋಡಣೆಯೂ ರಬ್ಬರಿನ ಗುಮ್ಮಟವೂ ಇರುತ್ತವೆ. ಅವುಗಳ ಕೆಳಗೆ ಮೂರು ಪದರಗಳ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇದೆ. ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ವಿದ್ಯುತ್ ಹರಿಯುವ ಗೆರೆಗಳಿವೆ. ನಡುವಿನ ಪದರದಲ್ಲಿ ತೂತುಗಳಿವೆ. ಕೀಲಿಯನ್ನು ಒತ್ತಿದಾಗ ಮೇಲಿನ ಗೆರೆ ತೂತಿನ ಮೂಲಕ ಕೆಳಗಿನ ಗೆರೆಯನ್ನು ಮುಟ್ಟುತ್ತದೆ, ಅಕ್ಷರ ಮೂಡುತ್ತದೆ. ಇವೆಲ್ಲಕ್ಕೂ ಆಧಾರವಾಗಿರುವುದು ಒಂದು ತೆಳು ಲೋಹದ ತಗಡು. ಸ್ಕ್ರೂ, ಕೊಕ್ಕೆ ಅಥವಾ ಕರಗಿಸಿ ಕೂರಿಸಿದ ಪ್ಲಾಸ್ಟಿಕ್ ಗೂಟಗಳು ಈ ತಗಡನ್ನು ಹಿಡಿದಿಟ್ಟಿರುತ್ತವೆ. ತಗಡು ಬಾಗಿದರೆ ಪದರಗಳ ಸ್ಪರ್ಶ ಕೆಡಬಹುದು.

ತಗಡು ಬಾಗುವುದೇಕೆ? ನಮ್ಮ ಕಡೆಯ ತೋಡಿಗೆ ಹಾಕಿದ ಅಡಿಕೆ ಮರದ ಸಂಕವನ್ನು ನೆನಪಿಸಿಕೊಳ್ಳಿ. ನಡುವೆ ನಿಂತರೆ ಅದು ತಗ್ಗುತ್ತದೆ. ಎರಡು ಆಸರೆಗಳ ನಡುವಿನ ದೂರ ಇಮ್ಮಡಿಯಾದರೆ, ಅದೇ ಭಾರಕ್ಕೆ ತಗ್ಗು ಎಂಟು ಪಟ್ಟಾಗುತ್ತದೆ. ಹಲಗೆಯ ದಪ್ಪ ಅರ್ಧಕ್ಕಿಳಿದರೂ ಅಷ್ಟೇ, ಎಂಟು ಪಟ್ಟು. ಸುತ್ತಲೂ ಆಸರೆಯಿರುವ ತಗಡಿನ ಲೆಕ್ಕ ಸಂಕದಷ್ಟು ಸರಳವಲ್ಲ. ಆದರೂ ತೆಳ್ಳಗಿದ್ದಷ್ಟೂ, ಆಸರೆ ದೂರವಿದ್ದಷ್ಟೂ ಹೆಚ್ಚು ತಗ್ಗುವುದು ಇಲ್ಲಿಯೂ ನಿಜ. ಹಾಗಾಗಿ ತೆಳುವಾದ ಲ್ಯಾಪ್‌ಟಾಪಿನಲ್ಲಿ ಜೋರಾಗಿ ಒತ್ತಿದಾಗ ಕೀಲಿಮಣೆಯ ನಡುಭಾಗ ತುಸು ತಗ್ಗಿದರೆ ಅದು ದೋಷವಲ್ಲ. ಆದರೆ ರಿಪೇರಿಯಾಗಿ ಬಂದ ಮೇಲೆ ಒಂದು ಮೂಲೆ ಮಾತ್ರ ಹೊಸದಾಗಿ ತಗ್ಗತೊಡಗಿದರೆ, ಅಲ್ಲಿ ಸ್ಕ್ರೂ ಹಾಕಲು ಮರೆತಿರಬಹುದು ಅಥವಾ ಕೊಕ್ಕೆ ಮುರಿದಿರಬಹುದು.

ಇಂತಹ ಕಡೆ ಗೋಂದು ಸುರಿಯಬಾರದು. ಕೀಲಿಮಣೆಯ ಅಡಿಗೆ ಕಾಗದ ಮಡಚಿ ತುರುಕಬಾರದು. ಗೋಂದು ಹಾಕಿದರೆ ಮುಂದಿನ ರಿಪೇರಿಗೆ ದಾರಿಯಿಲ್ಲ. ಕಾಗದ ತುರುಕಿದರೆ ಗಾಳಿಯಾಡುವ ಜಾಗ ಕಟ್ಟಿ ಯಂತ್ರ ಬಿಸಿಯಾಗಬಹುದು. ಸರಿಯಾದ ಅಳತೆಯ ಸ್ಕ್ರೂವನ್ನೇ ಹಾಕಬೇಕು. ಲ್ಯಾಪ್‌ಟಾಪಿನ ಸ್ಕ್ರೂಗಳು ಸಾಮಾನ್ಯವಾಗಿ 2ರಿಂದ 2.5 ಮಿಲಿಮೀಟರ್ ದಪ್ಪದವು. ಆದರೆ ಉದ್ದ ಒಂದೊಂದು ಜಾಗಕ್ಕೆ ಒಂದೊಂದು. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದರ ಮೊನೆ ಒಳಗಿನ ಭಾಗಗಳಿಗೆ ತಾಗಿ ಹಾನಿಮಾಡಬಹುದು. ಬಿಚ್ಚುವವರು ಕಾಗದದಲ್ಲಿ ಯಂತ್ರದ ಚಿತ್ರ ಬರೆದು, ಆಯಾ ಸ್ಕ್ರೂವನ್ನು ಆಯಾ ಜಾಗದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. ಬಿಚ್ಚುವ ಮೊದಲು ಚಾರ್ಜರ್ ತೆಗೆದು, ಯಂತ್ರವನ್ನು ಪೂರ್ಣವಾಗಿ ಆರಿಸಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ಅಕ್ಕನ ಮನೆಗೆ ಹಿಂತಿರುಗೋಣ. ಹುಡುಗಿ ಸ್ಕ್ರೂಡ್ರೈವರ್ ತರುವಷ್ಟರಲ್ಲಿ ನಾನು ಲ್ಯಾಪ್‌ಟಾಪನ್ನು ಜಗಲಿಯ ನುಣುಪಾದ ನೆಲದ ಮೇಲಿಟ್ಟೆ. ಅದು ನೆಟ್ಟಗೆ ಕೂರಲಿಲ್ಲ. ಬೆರಳು ತಾಗಿಸಿದರೆ ಆಚೀಚೆ ಓಲಾಡಿತು. ಕೀಲಿಮಣೆಯ ಮುಂಭಾಗ ತಗ್ಗಿರಲಿಲ್ಲ, ಉಬ್ಬಿತ್ತು. ಟಚ್‌ಪ್ಯಾಡ್ ಒತ್ತಿದರೆ ಸದ್ದೇ ಬರಲಿಲ್ಲ. ಮುಚ್ಚಳ ಮುಚ್ಚಿದರೆ ನಡುವೆ ಸಂದು ಕಾಣುತ್ತಿತ್ತು. ನಾನು ಕೈ ಹಿಂದೆಗೆದೆ. ಉಬ್ಬಿದ್ದು ಒಳಗಿನ ಬ್ಯಾಟರಿ.

ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಮೇಲೆದ್ದ ಕೀಲಿಮಣೆ ಕೆಳಗೆ ಕೂರಲಿ ಎಂದು ಅವಳು ಪ್ರತಿ ರಾತ್ರಿ ಅದರ ಮೇಲೆ ದಪ್ಪ ದಪ್ಪ ಪುಸ್ತಕಗಳನ್ನು ಹೇರುತ್ತಿದ್ದಳಂತೆ, ಅದೂ ಚಾರ್ಜಿಗೆ ಹಾಕಿ, ತಾನು ಮಲಗುವ ಮಂಚದ ಪಕ್ಕದಲ್ಲೇ.

ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದ ಜಾನ್ ಗುಡ್‌ಎನಫ್, ಸ್ಟಾನ್ಲಿ ವಿಟ್ಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಇದು ಸಾಮಾನ್ಯವಾಗಿ ಚಪ್ಪಟೆ ಚೀಲದಂತಿದ್ದು, ಅಂಗೈ ಊರುವ ಭಾಗದ ಕೆಳಗೆ ಕುಳಿತಿರುತ್ತದೆ. ವಯಸ್ಸಾದಾಗ, ಹೆಚ್ಚು ಬಿಸಿಯಾದಾಗ ಅಥವಾ ಮಿತಿಮೀರಿ ಚಾರ್ಜಾದಾಗ ಒಳಗಿನ ದ್ರಾವಣ ವಿಭಜನೆಗೊಂಡು ಅನಿಲ ಹುಟ್ಟುತ್ತದೆ. ಹೊರಹೋಗಲು ದಾರಿಯಿಲ್ಲದೆ ಚೀಲ ಉಬ್ಬುತ್ತದೆ. ಮೇಲಿನ ತಗಡನ್ನು ಎತ್ತುತ್ತದೆ. ಇಂತಹ ಚೀಲವನ್ನು ಅದುಮಿದರೆ ಅಥವಾ ಚುಚ್ಚಿದರೆ ಒಳಪದರ ಹರಿದು, ಎರಡು ಧ್ರುವಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಅದರ ಹೊಗೆಯೂ ವಿಷಕಾರಿ. ಅಂದರೆ ಪುಸ್ತಕ ಹೇರಿದ ಆ ಉಪಾಯವೇ ಎಲ್ಲಕ್ಕಿಂತ ಅಪಾಯದ್ದಾಗಿತ್ತು.

ಆದುದರಿಂದ ಮಿತ್ರರೇ, ಒಂದು ಮಾತನ್ನು ನೆನಪಿನಲ್ಲಿಡಿ. ತಗ್ಗಿದರೆ ಆಸರೆ ಹುಡುಕಿ. ಉಬ್ಬಿದರೆ ಕೈ ತೆಗೆಯಿರಿ. ಉಬ್ಬು ಕಂಡೊಡನೆ ಯಂತ್ರವನ್ನು ಆರಿಸಿ, ಚಾರ್ಜರ್ ತೆಗೆಯಿರಿ. ಮತ್ತೆ ಚಾರ್ಜ್ ಮಾಡಬೇಡಿ, ಅದುಮಬೇಡಿ, ನೀವೇ ಬಿಚ್ಚಬೇಡಿ. ಹಾಸಿಗೆ, ಕಾಗದ, ಸೌದೆಗಳಿಂದ ದೂರ, ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲಿಟ್ಟು, ಬಲ್ಲ ಕೆಲಸಗಾರರ ನೆರವು ಪಡೆಯಿರಿ. ತೆಗೆದ ಬ್ಯಾಟರಿಯನ್ನು ಮನೆಯ ಕಸಕ್ಕೆ ಎಸೆಯುವುದಾಗಲಿ, ಒಲೆಗೆ ಹಾಕುವುದಾಗಲಿ ಸಲ್ಲದು. ಬಳಸಿ ಮುಗಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆಯನ್ನು ಕೇಂದ್ರ ಸರಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಬದಲಾಯಿಸಿಕೊಟ್ಟ ಅಂಗಡಿಯಲ್ಲೇ ಹಳೆಯದನ್ನು ಒಪ್ಪಿಸಲು ಸಾಧ್ಯವೇ ಎಂದು ಕೇಳಿ.

ಹುಡುಗಿಯ ಲ್ಯಾಪ್‌ಟಾಪಿಗೆ ಮರುವಾರ ಹೊಸ ಬ್ಯಾಟರಿ ಬಂತು. ಕೀಲಿಮಣೆ ತಾನಾಗಿ ತನ್ನ ಜಾಗದಲ್ಲಿ ಕುಳಿತಿತು. ಒಂದು ಅಂಚು ಮಾತ್ರ ಇನ್ನೂ ತುಸು ಬಾಗಿಯೇ ಇದೆ. ಅವಳು ಕಳುಹಿಸಿದ ಮೊದಲ ಪತ್ರದಲ್ಲಿ 'ಅಮ್ಮ' ಸರಿಯಾಗಿ ಮೂಡಿತ್ತು. ನಾನು ಕೇಳಿ ತರಿಸಿಕೊಂಡ ಸ್ಕ್ರೂಡ್ರೈವರನ್ನು ಕೊನೆಗೂ ಬಳಸಲಿಲ್ಲ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.